ಪ್ರೆಸ್ ಸ್ಟಿಕ್ಕರ್ ಅಂಟಿಸುವ ಮೊದಲು: ಪತ್ರಿಕೋದ್ಯಮ ಕೋರ್ಸ್ ಕಟ್ಟುವ ಬಗೆ

ಪತ್ರಿಕೋದ್ಯಮ ತೆಗೆದುಕೊಂಡು ಬಿಎಗೆ ಸೇರಿದ ಹುಡುಗರು ಎರಡನೇ ವಾರಕ್ಕೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ. ‘ಸರ್, ನಮಗೆ ಪ್ರೆಸ್ ಕಾರ್ಡ್ ಯಾವಾಗ ಕೊಡ್ತೀರಿ?’ ಕೆಲವರು ಅಷ್ಟು ದಿನವೂ ಕಾಯುವುದಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ರೇಡಿಯಂ ಅಂಗಡಿಗೆ ಹೋಗಿ, ಕೆಂಪು ಅಕ್ಷರದಲ್ಲಿ ‘ಪ್ರೆಸ್’ ಅಂತ ಕಟ್ ಮಾಡಿಸಿ, ಬೈಕಿನ ಮುಂದೆ ಅಂಟಿಸಿಕೊಂಡು ಬಂದುಬಿಡುತ್ತಾರೆ.

ಮೊದಮೊದಲು ನನಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಆ ಹುಡುಗ ಕೇಳುತ್ತಿರುವುದು ನ್ಯಾಯವಾದದ್ದೇ. ನಾನು ಯಾರು ಅಂತ ಊರಿಗೆ ಹೇಗೆ ಹೇಳಲಿ ಎನ್ನುವುದು ಅವನ ಪ್ರಶ್ನೆ. ನಮ್ಮ ಕೋರ್ಸು ಆರು ಸೆಮಿಸ್ಟರ್ ಕಳೆದರೂ ಅದಕ್ಕೆ ಉತ್ತರ ಕೊಡುವುದಿಲ್ಲ. ಸಂವಹನದ ಮಾದರಿಗಳು, ಪತ್ರಿಕಾ ಇತಿಹಾಸ, ಐದು ಡಬ್ಲ್ಯೂ ಒಂದು ಎಚ್ (ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ) ಎಲ್ಲ ಬರೆಸುತ್ತೇವೆ. ಹುಡುಗ ಪಾಸಾಗುತ್ತಾನೆ. ಸ್ಟಿಕ್ಕರ್ ಮಾತ್ರ ಹಾಗೇ ಇರುತ್ತದೆ.

ನಾನು ಕೆಲವು ವರ್ಷ ತಾಲ್ಲೂಕು ವರದಿಗಾರನಾಗಿದ್ದೆ. ಆಮೇಲೆ ಬಂದ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಕೂತೆ. ಈಗ ಪಾಠ ಮಾಡುತ್ತೇನೆ. ಜಿಲ್ಲೆ, ತಾಲ್ಲೂಕು ಊರುಗಳ ಕಾಲೇಜಿನಲ್ಲಿ ಒಬ್ಬರೇ ಇಡೀ ವಿಭಾಗ ನಡೆಸುವ ಮೇಷ್ಟ್ರು, ಮೇಡಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಬಹಳ ಜನ ಅತಿಥಿ ಉಪನ್ಯಾಸಕರು. ಸ್ಟುಡಿಯೋ ಇಲ್ಲ, ಕ್ಯಾಮೆರಾ ಇಲ್ಲ, ಇರುವ ಎರಡು ಕಂಪ್ಯೂಟರಿನಲ್ಲಿ ಒಂದು ಆಫೀಸಿಗೆ ಹೋಗಿದೆ. ಅಷ್ಟರಲ್ಲೇ ಮಾಡಬಹುದಾದದ್ದು ಇಲ್ಲಿದೆ.

ಸಿಲೆಬಸ್ ಬದಲಾಗಲಿ ಅಂತ ಕಾಯಬೇಡಿ

ಪಠ್ಯಕ್ರಮ ಮಾಡುವುದು ವಿಶ್ವವಿದ್ಯಾಲಯ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಲ್ಲಿ ಹೋಯಿತು, ಮತ್ತೆ ಮೂರು ವರ್ಷದ ಪದವಿ ಬಂತು. ಪೇಪರುಗಳ ಹೆಸರು ಬದಲಾದವು, ಒಳಗಿನ ಸಾಮಾನು ಬಹುಪಾಲು ಅದೇ. ನಿಮ್ಮ ಕೈಯಲ್ಲಿ ಇರುವುದು ಎರಡೇ: ಆಂತರಿಕ ಅಂಕ, ಮತ್ತು ಪ್ರಾಯೋಗಿಕ ತರಗತಿಯ ಗಂಟೆಗಳು. ಎನ್‌ಇಪಿ ಕಾಲದಲ್ಲಿ ಆಂತರಿಕಕ್ಕೆ 40 ಅಂಕ ಇತ್ತು, ಈಗ ಬಹಳ ಕಡೆ 20. ಕಡಿಮೆ ಅನ್ನಿಸುತ್ತದೆ. ಆದರೆ ಆ 20 ಅಂಕಕ್ಕೆ ನಾವು ಸಾಮಾನ್ಯವಾಗಿ ಏನು ಕೇಳುತ್ತೇವೆ? ಸ್ಪೈರಲ್ ಬೈಂಡ್ ಮಾಡಿಸಿದ ಒಂದು ಅಸೈನ್‌ಮೆಂಟ್. ಜೆರಾಕ್ಸ್ ಅಂಗಡಿಯವನಿಗೇ ಅದು ಬಾಯಿಪಾಠ ಆಗಿರುತ್ತದೆ. ಆ ಜಾಗವನ್ನು ಖಾಲಿ ಮಾಡಿಸಿ. ಮುಂದೆ ಹೇಳುವುದೆಲ್ಲ ಅದರಲ್ಲೇ ಹಿಡಿಸುತ್ತದೆ.

ಮೊದಲ ವಾರ: ಪರಿಚಯ ಹೇಳಿಸಿ

ಮೊದಲ ತರಗತಿಯಲ್ಲಿ ‘ಪತ್ರಿಕೋದ್ಯಮ ಎಂದರೇನು’ ಬೇಡ. ಒಬ್ಬೊಬ್ಬರನ್ನೇ ಎದ್ದು ನಿಲ್ಲಿಸಿ ಮೂರು ಜನರಿಗೆ ತಮ್ಮ ಪರಿಚಯ ಹೇಳಿಸಿ. ಒಬ್ಬರು ತಹಶೀಲ್ದಾರ್. ಇನ್ನೊಬ್ಬರು ಫುಟ್‌ಪಾತಿನಲ್ಲಿ ತರಕಾರಿ ಮಾರುವವರು. ಮೂರನೆಯವರು ಮದುವೆ ಮನೆಯಲ್ಲಿ ಸಿಕ್ಕ ದೊಡ್ಡಮ್ಮ. ನೀವೇ ಆ ಪಾತ್ರ ಮಾಡಿ.

ತಹಶೀಲ್ದಾರ್ ಮುಂದೆ ಬಹುತೇಕ ಎಲ್ಲರೂ ಹೇಳುವುದು, ‘ಸರ್, ನಾವು ಕಾಲೇಜಿಂದ ಬಂದಿದ್ದೀವಿ, ನಮ್ಮ ಎಚ್‌ಒಡಿ ಕಳಿಸಿದ್ದಾರೆ.’ ತರಕಾರಿಯವರ ಮುಂದೆ ಅದೇ ಹುಡುಗ, ‘ನಾವು ಪ್ರೆಸ್ಸಿನೋರು, ಸ್ವಲ್ಪ ಈ ಕಡೆ ನೋಡಿ.’ ದೊಡ್ಡಮ್ಮನಿಗೆ, ‘ಬಿಎ ಮಾಡ್ತಿದ್ದೀನಿ. ಬಿಎಡ್ ಮಾಡಿ ಟೀಚರ್ ಆಗಬಹುದು.’

ನೋಡಿದಿರಲ್ಲ? ದೊಡ್ಡವರ ಮುಂದೆ ಮುದುಡಿಕೊಳ್ಳುವುದು, ಚಿಕ್ಕವರ ಮುಂದೆ ಎದೆ ಉಬ್ಬಿಸುವುದು, ಮನೆಯವರ ಮುಂದೆ ಮಾತು ಮರೆಸುವುದು. ಇದನ್ನು ತಮಾಷೆ ಮಾಡಬೇಡಿ, ತಿದ್ದಲೂ ಹೋಗಬೇಡಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಪ್ರತಿ ಸೆಮಿಸ್ಟರಿನ ಕೊನೆಗೆ ಮತ್ತೆ ಇದನ್ನೇ ಮಾಡಿಸಿ. ನಿಮ್ಮ ಕೋರ್ಸು ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆ ಇನ್ನೂ ಸಿಕ್ಕಿಲ್ಲ. ಮೂವರಿಗೂ ಒಂದೇ ದನಿಯಲ್ಲಿ, ಒಂದೇ ಮಾತು ಹೇಳುವ ದಿನ ಬಂದರೆ ಆ ಹುಡುಗ ಪಳಗಿದ ಅಂತ ಲೆಕ್ಕ.

ಅದೇ ವಾರ ಕಾನೂನಿನ ಒಂದು ಸಂಗತಿಯನ್ನೂ ಹೇಳಿಬಿಡಿ. ನಮ್ಮ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯ ಅಂತ ಬೇರೆ ವಿಧಿ ಇಲ್ಲ. 19(1)(ಎ) ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿರುವ ಮಾತಿನ ಸ್ವಾತಂತ್ರ್ಯದಲ್ಲೇ ಪತ್ರಕರ್ತರದ್ದೂ ಸೇರಿದೆ. ಮಾಹಿತಿ ಹಕ್ಕು ಕಾಯ್ದೆಯೂ ಅಷ್ಟೇ. ಅರ್ಜಿ ಹಾಕುವವರು ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ, ಪ್ರೆಸ್ ಕಾರ್ಡ್ ತೋರಿಸಬೇಕಿಲ್ಲ. 10 ರೂಪಾಯಿ ಕಟ್ಟಿದರೆ 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪ್ರಶ್ನೆಯನ್ನು ಚುಟುಕಾಗಿ ಕೇಳುವುದನ್ನು ಕಲಿಸಲು ಈ ನಿಯಮ ಸರ್ಕಾರವೇ ಕೊಟ್ಟ ಪಾಠದಂತಿದೆ. ಮೊದಲ ಸೆಮಿಸ್ಟರಿನಲ್ಲೇ ಪ್ರತಿಯೊಬ್ಬರೂ ಒಂದು ಅರ್ಜಿ ಬರೆದು ಹಾಕಲಿ. ಕಾರ್ಡ್ ಇಲ್ಲದೆಯೂ ಕೇಳಬಹುದು ಅಂತ ಒಮ್ಮೆ ಗೊತ್ತಾದರೆ ಸ್ಟಿಕ್ಕರಿನ ಆಸೆ ತಾನಾಗೇ ಸ್ವಲ್ಪ ಇಳಿಯುತ್ತದೆ.

ಒಂದು ಜಾಗ ಕೊಡಿ, ವರ್ಷವಿಡೀ ಅಲ್ಲೇ ಇರಲಿ

ನನ್ನ ಮಟ್ಟಿಗೆ ಇಡೀ ಕೋರ್ಸಿನ ಬೆನ್ನೆಲುಬು ಇದು. ಇನ್ನೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಪ್ರತಿ ವಿದ್ಯಾರ್ಥಿಗೂ ಊರಿನ ಒಂದು ಜಾಗ ಹಂಚಿ. ಎಪಿಎಂಸಿ, ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗ, ಒಂದು ವಾರ್ಡು, ಒಂದು ಗ್ರಾಮ ಪಂಚಾಯಿತಿ, ಕೆಎಸ್‌ಆರ್‌ಟಿಸಿ ಡಿಪೋ, ಬಿಸಿಎಂ ಹಾಸ್ಟೆಲ್, ಸಂತೆ ಮೈದಾನ. ವಿಷಯ ಕೊಡಬೇಡಿ, ಜಾಗ ಕೊಡಿ. ‘ಕೃಷಿ’ ಅಂತ ಕೊಟ್ಟರೆ ಗೂಗಲ್ ಮಾಡುತ್ತಾರೆ. ‘ಎಪಿಎಂಸಿ ಯಾರ್ಡ್’ ಅಂತ ಕೊಟ್ಟರೆ ಹೋಗಲೇಬೇಕು.

ಮೊದಲ ಆರು ವಾರ ಬರೆಯುವುದು ಬೇಡ. ವಾರಕ್ಕೆ ಒಂದು ಸಲ ಹೋಗಿ ಒಂದು ಗಂಟೆ ಸುಮ್ನೆ ಕೂತು, ಕಂಡದ್ದನ್ನು ಪಾಕೆಟ್ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು ಬರಬೇಕು. ಅಂಕ ಆ ನೋಟ್‌ಬುಕ್ಕಿಗೆ. ವರದಿಯನ್ನು ಚಾಟ್‌ಜಿಪಿಟಿ ಬರೆದುಕೊಡಬಹುದು. ಯಾರ್ಡಿನಲ್ಲಿ ಎಷ್ಟು ಚೀಲ ಇಳಿಯಿತು, ಹಮಾಲರು ಎಲ್ಲಿ ಕೂತು ಊಟ ಮಾಡಿದರು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅಕ್ಷರ ಕೆಟ್ಟದಾಗಿರಲಿ, ಪುಟಕ್ಕೆ ಟೀ ಚೆಲ್ಲಿರಲಿ. ನೀಟಾಗಿ ಪ್ರತಿ ಮಾಡಿ ತಂದರೆ ಅಂಕ ಕಡಿಮೆ ಅಂತ ಮೊದಲೇ ಹೇಳಿ.

ನಮ್ಮಲ್ಲಿ ಎಪಿಎಂಸಿ ಸಿಕ್ಕಿದ್ದು ಹಳ್ಳಿಯಿಂದ ಬರುವ ಒಬ್ಬ ಹುಡುಗಿಗೆ. ಮೂರು ವಾರ ಅವಳ ನೋಟ್‌ಬುಕ್ಕಿನಲ್ಲಿ ಮೆಕ್ಕೆಜೋಳದ ರೇಟು ಬಿಟ್ಟರೆ ಬೇರೇನೂ ಇರಲಿಲ್ಲ. ನಾಲ್ಕನೇ ವಾರ ಒಂದು ಸಾಲು ಬಂತು: ‘ಲಾರಿ ಹೋದ ಮೇಲೆ ನಾಲ್ಕು ಜನ ಹೆಂಗಸರು ನೆಲದ ಕಾಳು ಗುಡಿಸುತ್ತಾರೆ. ಆ ಕಾಳು ಯಾರದು?’ ನಾನು ಅದರ ಕೆಳಗೆ ಗೆರೆ ಎಳೆದೆ. ಐದನೇ ವಾರ ಅವಳು ಕಂಡದ್ದು ಇನ್ನಷ್ಟು. ಅವರು ತರುವ ಪೊರಕೆ ಅವರದೇ, ಮೊರ ಅವರದೇ. ಗೇಟಿನ ಹತ್ತಿರ ಗುಡಿಸಲು ಒಬ್ಬರಿಗೆ, ಹಿಂದಿನ ಗೋದಾಮಿನ ಹತ್ತಿರ ಇನ್ನೊಬ್ಬರಿಗೆ ಅಂತ ಬಾಯಿಮಾತಿನ ಹಂಚಿಕೆ ಇದೆ. ಮಳೆ ಬಂದ ದಿನ ಕಾಳಿನ ಜೊತೆ ಕೆಸರೂ ಬರುವುದರಿಂದ ಮನೆಗೆ ಒಯ್ದು ತೊಳೆದು ಒಣಗಿಸಬೇಕು. ಆರನೇ ವಾರ ಅವಳು ಅವರ ಜೊತೆ ನೆಲದ ಮೇಲೆ ಕೂತು ಮಾತಾಡುತ್ತಿದ್ದಳು. ನೀನು ಯಾರವ್ವಾ ಅಂತ ಕೇಳಿದಾಗ, ‘ಇಲ್ಲಿ ನಡೆಯೋದನ್ನ ಬರೆಯೋಳು’ ಅಂದಳಂತೆ. ಆ ಉತ್ತರವನ್ನು ನಾನಂತೂ ಹೇಳಿಕೊಟ್ಟಿರಲಿಲ್ಲ.

ಹೆಸರು ಹಾಕಿಸಿ, ತಪ್ಪನ್ನೂ ಹಾಕಿಸಿ

ವಿದ್ಯಾರ್ಥಿಗಳೇ ಹೊರತರುವ ಪ್ರಾಯೋಗಿಕ ಪತ್ರಿಕೆ ಬಹುತೇಕ ಎಲ್ಲ ಕಾಲೇಜಿನಲ್ಲೂ ಇರುತ್ತದೆ. ವರ್ಷಕ್ಕೊಮ್ಮೆ ಬಣ್ಣದಲ್ಲಿ ಅಚ್ಚಾಗಿ, ಪ್ರಿನ್ಸಿಪಾಲರ ಸಂದೇಶದಿಂದ ಶುರುವಾಗಿ, ಕಾಲೇಜಿನ ಗುಣಮಟ್ಟ ಅಳೆಯಲು ಬರುವ ನ್ಯಾಕ್ ಸಮಿತಿಯವರಿಗೆ ತೋರಿಸಿದ ಮೇಲೆ ಬೀರು ಸೇರುತ್ತದೆ. ಅದರ ಬದಲು ತಿಂಗಳಿಗೊಂದು ಎ3 ಹಾಳೆ ಸಾಕು, ಎರಡೂ ಕಡೆ ಕಪ್ಪುಬಿಳುಪು ಜೆರಾಕ್ಸ್. ನೂರು ಪ್ರತಿ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಕಲ್ಲಚ್ಚಿನಲ್ಲಿ. ನಮಗೆ ಜೆರಾಕ್ಸ್ ಆದರೂ ಇದೆ ಅಲ್ವಾ.

ಎರಡೇ ನಿಯಮ. ಪ್ರತಿ ಸುದ್ದಿಗೂ ಬರೆದವರ ಹೆಸರು ಇರಬೇಕು. ಮತ್ತು ಪತ್ರಿಕೆಯನ್ನು ಬರೆದವರೇ ಆ ಜಾಗಕ್ಕೆ ಒಯ್ದು, ಯಾರ ಬಗ್ಗೆ ಬರೆದಿದ್ದಾರೋ ಅವರ ಕೈಗೆ ಕೊಡಬೇಕು. ಓದಲು ಬಾರದವರಿದ್ದರೆ ಓದಿ ಹೇಳಬೇಕು. ಈ ಎರಡನೆಯದು ಹುಡುಗರಿಗೆ ಭಯಂಕರ ಕಷ್ಟ. ಡಾಕ್ಟರ ಬಗ್ಗೆ ಬರೆದು ಡಾಕ್ಟರ ಕೈಗೇ ಕೊಡುವುದು ಸುಲಭವಾ? ಆದರೆ ಒಮ್ಮೆ ಹೀಗೆ ಎದುರು ನಿಂತವರು ಮುಂದಿನ ಸಲ ಬರೆಯುವಾಗ ‘ಆರೋಪಿಸಲಾಗಿದೆ’ ಅಂತ ಸುಮ್ಮಸುಮ್ಮನೆ ಬರೆಯುವುದಿಲ್ಲ. ಯಾರು ಆರೋಪಿಸಿದರು ಅಂತ ಕೇಳುತ್ತಾರಲ್ಲ!

ಕೊನೆಯ ಪುಟದಲ್ಲಿ ತಿದ್ದುಪಡಿ ಅಂಕಣ ಇರಲಿ. ಇದಕ್ಕೆ ನನ್ನದೇ ಕಥೆ ಇದೆ. ನಾನು ವರದಿಗಾರನಾದ ಹೊಸತರಲ್ಲಿ ಒಂದು ಹಳ್ಳಿಯ ನಿವೃತ್ತ ಮೇಷ್ಟ್ರು ತೀರಿಕೊಂಡರು ಅಂತ ನಿಧನ ವಾರ್ತೆ ಕಳಿಸಿದೆ. ಅದೇ ಊರಿನಲ್ಲಿ ಅದೇ ಹೆಸರಿನ ಇಬ್ಬರು ನಿವೃತ್ತ ಮೇಷ್ಟ್ರಿದ್ದರು. ಇನಿಷಿಯಲ್ ಅದಲುಬದಲಾಯಿತು. ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ‘ತಮ್ಮಾ, ಪೇಪರಿನಾಗ ನಾನು ಸತ್ತೀನಿ ಅಂತ ಐತಿ. ಈಗ ನಾನು ಏನು ಮಾಡ್ಬೇಕು?’ ಅವರ ಮನೆಗೆ ಹೋದೆ. ಬೈಯಲಿಲ್ಲ. ಚಹಾ ಕೊಟ್ಟರು. ಬೈದಿದ್ದರೆ ಬೇಗ ಮರೆಯುತ್ತಿದ್ದೆನೇನೋ. ಆವತ್ತಿನಿಂದ ಇವತ್ತಿನವರೆಗೆ ಇನಿಷಿಯಲ್ ಕೇಳದೆ ಹೆಸರು ಬರೆದುಕೊಂಡಿಲ್ಲ. ಪತ್ರಕರ್ತ ಅನ್ನಿಸಿಕೊಳ್ಳುವ ನನ್ನ ಅರ್ಹತೆಯಲ್ಲಿ ಅರ್ಧ ಆ ಚಹಾದ್ದು. ಈ ಕಥೆಯನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ನಿಮ್ಮದೂ ಒಂದು ಇರುತ್ತದೆ. ಮುಚ್ಚಿಡದೆ ಹೇಳಿ.

ಇತಿಹಾಸದ ಪೇಪರನ್ನು ಇಸವಿಗಳಿಂದ ಬಿಡಿಸಿ

ಇಸವಿಗಳು ಪರೀಕ್ಷೆಗೆ ಬೇಕು, ಕೊಡಿ. ಆದರೆ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಅವರ ಜಾಗದಲ್ಲಿ ನೀನಿದ್ದರೆ?’ ಎನ್ನುವುದು.

ಡಿವಿಜಿ 1913ರಲ್ಲಿ ಬೆಂಗಳೂರಿನಿಂದ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ಶುರು ಮಾಡಿದರು. ಆಗ ದಿವಾನರು ವಿಶ್ವೇಶ್ವರಯ್ಯ, ಅವರಿಗೆ ಹತ್ತಿರದವರು. ಹತ್ತಿರದವರ ಸರ್ಕಾರವನ್ನು ಟೀಕಿಸುವುದು ಹೇಗೆ? 1980ರಲ್ಲಿ ಲಂಕೇಶ್ ವಾರಪತ್ರಿಕೆ ತಂದರು, ಜಾಹೀರಾತು ಬೇಡ ಅಂದರು. ಹಾಗಾದರೆ ಸಂಬಳ ಎಲ್ಲಿಂದ ಬರಬೇಕು? 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಲ್ಲಿ ‘ಮುಂಗಾರು’ ಶುರು ಮಾಡಿದಾಗ ಜನರಿಂದಲೇ ಷೇರು ಎತ್ತಿದರು, ಅನುಭವ ಇಲ್ಲದ ಹಳ್ಳಿ ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡರು. ಪತ್ರಿಕೆ ಬಹಳ ಕಾಲ ಉಳಿಯಲಿಲ್ಲ, ಅಲ್ಲಿ ಕಲಿತವರು ಉಳಿದರು. ಇದು ಸೋಲೋ ಗೆಲುವೋ?

ಈ ಚರ್ಚೆಗೆ ಎರಡು ತರಗತಿ ಹೋದರೂ ಹೋಗಲಿ. ಕೊನೆಗೆ ಪ್ರತಿಯೊಬ್ಬರೂ ‘ನಾನು ಇವರ ಕಡೆಯವನು, ಯಾಕೆಂದರೆ...’ ಅಂತ ಒಂದು ಪುಟ ಬರೆಯಲಿ. ಡೆಸ್ಕಿನಲ್ಲೇ ಜೀವನ ಕಳೆದ, ಹೊರಗೆ ಯಾರಿಗೂ ಹೆಸರು ಗೊತ್ತಿಲ್ಲದ ಉಪಸಂಪಾದಕರೊಬ್ಬರನ್ನೂ ಒಂದು ದಿನ ಕರೆಸಿ. ಹುಡುಗರ ಕಣ್ಣಲ್ಲಿ ಪತ್ರಕರ್ತ ಎಂದರೆ ಚಾನೆಲ್ ಲೋಗೋ ಇರುವ ಮೈಕ್ ಹಿಡಿದವನು ಮಾತ್ರ. ಹಾಳು ಕಾಪಿಯನ್ನು ರಾತ್ರಿ ಹನ್ನೊಂದಕ್ಕೆ ರಿಪೇರಿ ಮಾಡಿ ಬೇರೆಯವರ ಹೆಸರಿನಲ್ಲಿ (ಬೈಲೈನ್) ಬಿಡುವವರೂ ಪತ್ರಕರ್ತರೇ. ಮಾತು ಕಡಿಮೆ ಇರುವ ಮಕ್ಕಳಿಗೆ ಅದು ಗೊತ್ತಾದಾಗ ಮುಖ ಅರಳುವುದನ್ನು ನೋಡಿದ್ದೇನೆ.

ಅವರ ಕನ್ನಡವನ್ನು ಕಿತ್ತುಕೊಳ್ಳಬೇಡಿ

ನಮ್ಮ ಕಾಲೇಜು ಇರುವುದು ಮಧ್ಯ ಕರ್ನಾಟಕದಲ್ಲಿ. ಒಂದೇ ಬೆಂಚಿನಲ್ಲಿ ‘ಹೋಗಾಕತ್ತೀನಿ’ ಅನ್ನುವವನೂ ‘ಹೋಗ್ತಾ ಇದ್ದೀನಿ’ ಅನ್ನುವವಳೂ ಕೂರುತ್ತಾರೆ. ಟಿವಿ ನೋಡಿ ಬೆಳೆದ ಮಕ್ಕಳಿಗೆ ಆ್ಯಂಕರಿನ ಕನ್ನಡವೇ ಪತ್ರಕರ್ತರ ಕನ್ನಡ ಅನ್ನಿಸಿಬಿಟ್ಟಿದೆ. ಮೈಕ್ ಹಿಡಿದ ತಕ್ಷಣ ದನಿ ಬದಲಾಗುತ್ತದೆ, ‘ಬೆಚ್ಚಿಬೀಳಿಸುವ’ ‘ಶಾಕಿಂಗ್’ ಎಲ್ಲ ಹೊರಗೆ ಬರುತ್ತದೆ. ಅದು ಅವರ ಬಾಯಿಯ ಮಾತೇ ಅಲ್ಲ.

ಒಂದು ಸುಲಭದ ಅಭ್ಯಾಸ ಮಾಡಿಸಿ. ಒಂದೇ ಸುದ್ದಿಯನ್ನು ಎರಡು ಸಲ ಹೇಳಬೇಕು. ಮೊದಲು ಮನೆಯಲ್ಲಿ ಅಜ್ಜಿಗೆ ಹೇಳುವಂತೆ, ಆಮೇಲೆ ಪತ್ರಿಕೆಗೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಅಜ್ಜಿಗೆ ಹೇಳಿದ್ದರಲ್ಲಿ ಇದ್ದ ಯಾವ ಒಳ್ಳೆಯ ಮಾತು ಪತ್ರಿಕೆಗೆ ಬರುವಾಗ ಸತ್ತುಹೋಯಿತು ಅಂತ ಹುಡುಕಲಿ. ಪತ್ರಿಕೆಗೆ ಒಂದು ಸಾಮಾನ್ಯ ಕನ್ನಡ ಬೇಕು, ನಿಜ, ಅದನ್ನು ಕಲಿಸಲೇಬೇಕು. ಆದರೆ ಹೇಳಿಕೆಯೊಳಗೆ ಜನರ ಮಾತು ಹಾಗೇ ಬರಲಿ. ರೇಡಿಯೋದಲ್ಲಂತೂ ಇನ್ನೂ ಜಾಸ್ತಿ ಬರಬಹುದು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಸಮುದಾಯ ರೇಡಿಯೋದಲ್ಲಿ ಕಾರ್ಯಕ್ರಮ ಮಾಡಿದವರು ಆ ಹಳ್ಳಿಗಳವರೇ. ಇಂಥದ್ದೊಂದು ಕೇಂದ್ರ ನಿಮ್ಮ ಹತ್ತಿರ ಇದ್ದರೆ ಒಂದು ದಿನ ಕರೆದುಕೊಂಡು ಹೋಗಿ.

ಇಂಗ್ಲಿಷ್ ಬರುವುದಿಲ್ಲ ಎಂಬ ಕೊರಗಿಗೂ ಇದೇ ಮದ್ದು. ಇಂಗ್ಲಿಷ್ ಪ್ರೆಸ್‌ನೋಟ್ ಓದಿ ಕನ್ನಡಕ್ಕೆ ತರುವಷ್ಟು ಕಲಿಸಿ, ಅದು ಹೊಟ್ಟೆಪಾಡಿಗೆ ಬೇಕು. ಆದರೆ ಅದಿಲ್ಲದವನು ಅರ್ಧ ಪತ್ರಕರ್ತ ಎಂಬ ಭಾವನೆ ತರಗತಿಯಲ್ಲಿ ಹುಟ್ಟಲು ಬಿಡಬೇಡಿ.

‘ನಾನು ಇದನ್ನು ಮಾಡುವುದಿಲ್ಲ’ ಪಟ್ಟಿ

ಮಾಧ್ಯಮ ನೀತಿಯ ಪಾಠ ಮಕ್ಕಳಿಗೆ ನಿದ್ದೆ ತರಿಸುತ್ತದೆ. ಪ್ರೆಸ್ ಕೌನ್ಸಿಲ್ ನಿಯಮಗಳನ್ನು ಓದಿ ಹೇಳುವ ಬದಲು ಸನ್ನಿವೇಶ ಕೊಡಿ. ಪತ್ರಿಕಾಗೋಷ್ಠಿ ಮುಗಿದ ಮೇಲೆ ಫೈಲಿನೊಳಗೆ ಒಂದು ಕವರು ಇದೆ. ಪಕ್ಕದಲ್ಲಿ ಕೂತ ಹಿರಿಯರು ಆಗಲೇ ಜೇಬಿಗಿಟ್ಟುಕೊಂಡಿದ್ದಾರೆ. ಏನು ಮಾಡುತ್ತೀಯ? ದೀಪಾವಳಿ ವಿಶೇಷಾಂಕಕ್ಕೆ ಇಷ್ಟು ಜಾಹೀರಾತು ತರಬೇಕು ಅಂತ ಆಫೀಸಿನಿಂದ ಟಾರ್ಗೆಟ್ ಬಂದಿದೆ. ಕೊಡುವವನು ಮರಳು ಕಂಟ್ರಾಕ್ಟರ್, ಮುಂದಿನ ವಾರ ಅವನ ಮೇಲೆಯೇ ಬರೆಯಬೇಕು. ಏನು ಮಾಡುತ್ತೀಯ? ತಾಲ್ಲೂಕು ವರದಿಗಾರರಿಗೆ ಇವು ಕಲ್ಪನೆಯ ಪ್ರಶ್ನೆಗಳಲ್ಲ, ತಿಂಗಳ ಪ್ರಶ್ನೆಗಳು.

ಚರ್ಚೆ ಆದ ಮೇಲೆ ಪ್ರತಿಯೊಬ್ಬರೂ ತಮ್ಮ ಪಟ್ಟಿ ಬರೆಯಲಿ. ಐದೇ ಸಾಲು. ಎರಡು ಸಾಲು ಮಾತ್ರ ಎಲ್ಲರ ಪಟ್ಟಿಯಲ್ಲೂ ಕಡ್ಡಾಯ, ಯಾಕೆಂದರೆ ಅವು ಕಾನೂನು. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಿಟ್ಟುಕೊಡುವಂತಿಲ್ಲ, ಇದು ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣದಲ್ಲಿ ಮಗುವಿನ ಹೆಸರು, ವಿಳಾಸ, ಫೋಟೊ, ಶಾಲೆ, ಮನೆಯವರ ವಿವರ ಯಾವುದೂ ಬರುವಂತಿಲ್ಲ, ಅದು ಆ ಕಾಯ್ದೆಯ 23ನೇ ಸೆಕ್ಷನ್. ಹೆಸರು ಬಿಟ್ಟು ‘ಇಂಥ ಊರಿನ ಇಂಥ ಶಾಲೆಯ ಆರನೇ ತರಗತಿ’ ಅಂತ ಬರೆದರೆ ಇಡೀ ಊರಿಗೆ ಗೊತ್ತಾಗುತ್ತದೆ. ಅದನ್ನು ನಿಮ್ಮ ಊರಿನ ಉದಾಹರಣೆ ಇಟ್ಟೇ ತೋರಿಸಿ.

ಉಳಿದ ಮೂರು ಸಾಲು ಅವರವರದು. ಒಬ್ಬ ಹುಡುಗ ಬರೆದಿದ್ದ: ‘ಅಪಘಾತದಲ್ಲಿ ಬಿದ್ದವರ ವಿಡಿಯೋ ಮಾಡುವ ಮೊದಲು 108ಕ್ಕೆ ಫೋನ್ ಮಾಡುತ್ತೇನೆ.’ ಅದು ‘ಮಾಡುವುದಿಲ್ಲ’ ಪಟ್ಟಿಗೆ ಸೇರುವುದಿಲ್ಲ ಅಂತ ನಾನು ಹೇಳಲಿಲ್ಲ. ಪ್ರತಿ ವರ್ಷ ಪಟ್ಟಿಯನ್ನು ತಿದ್ದಲು ಬಿಡಿ. ಇಂಟರ್ನ್‌ಶಿಪ್‌ನಿಂದ ಬಂದ ಮೇಲಂತೂ ಖಂಡಿತ ತಿದ್ದುತ್ತಾರೆ.

ಇಂಟರ್ನ್‌ಶಿಪ್, ಸಂಬಳ, ರಾತ್ರಿ ಪಾಳಿ

ಇಂಟರ್ನ್‌ಶಿಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಹಳ ಕಡೆ ಪ್ರೆಸ್‌ನೋಟ್ ಟೈಪ್ ಮಾಡಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ. ಕಳಿಸುವ ಮೊದಲು ಒಂದು ಪ್ರಶ್ನೆ ಕೊಟ್ಟು ಕಳಿಸಿ: ‘ಈ ಆಫೀಸಿನಲ್ಲಿ ಯಾವ ಸುದ್ದಿ ಬೇಡ ಅಂತ ಯಾರು ತೀರ್ಮಾನ ಮಾಡುತ್ತಾರೆ?’ ಟೈಪ್ ಮಾಡುತ್ತಲೇ ಅದನ್ನು ಗಮನಿಸಬಹುದು.

ಸಂಬಳದ ವಿಷಯ ಮುಚ್ಚಿಡಬೇಡಿ. ಸುದ್ದಿಗಿಷ್ಟು ಅಂತ ದುಡಿಯುವ ಬಿಡಿ ವರದಿಗಾರರಿಗೆ ತಿಂಗಳ ಸಂಬಳ ಅಂತ ಇರುವುದೇ ಅಪರೂಪ ಅಂತ ಐದನೇ ಸೆಮಿಸ್ಟರಿಗಿಂತ ಮೊದಲೇ ತಿಳಿಯಲಿ. ನಿಮ್ಮ ಹಳೆ ವಿದ್ಯಾರ್ಥಿಗಳನ್ನು ಕರೆಸಿ, ಅವರೇ ಹೇಳಲಿ. ಡೆಸ್ಕಿಗೆ ಹೋದವಳು, ಯೂಟ್ಯೂಬ್ ಚಾನೆಲ್ ನಡೆಸುವವನು, ವಾರ್ತಾ ಇಲಾಖೆಗೆ ಪರೀಕ್ಷೆ ಬರೆದವಳು, ಪತ್ರಿಕೋದ್ಯಮ ಬಿಟ್ಟು ಕೊರಿಯರ್ ಏಜೆನ್ಸಿ ಹಾಕಿದವನು, ಎಲ್ಲರೂ ಬರಲಿ. ಬಿಟ್ಟವನ ಮಾತನ್ನು ಹುಡುಗರು ಎಲ್ಲರಿಗಿಂತ ಗಮನ ಕೊಟ್ಟು ಕೇಳುತ್ತಾರೆ.

ಹುಡುಗಿಯರ ವಿಷಯದಲ್ಲಿ ಒಂದು ಮಾತು. ‘ರಾತ್ರಿ ಪಾಳಿ ಮನೆಯಲ್ಲಿ ಬಿಡಲ್ಲ ಸರ್’ ಅಂದಾಗ ನಾವು ‘ಹಾಗಾದರೆ ಪುರವಣಿಗೆ ಬರಿ’ ಅಂದುಬಿಡುತ್ತೇವೆ. ನಾನೂ ಅಂದಿದ್ದೇನೆ. ಈಗ ರಾತ್ರಿ ಪಾಳಿ ಮಾಡುವ ಇಬ್ಬರು ಪತ್ರಕರ್ತೆಯರನ್ನು ಪೋಷಕರ ಸಭೆಗೇ ಕರೆಸುತ್ತೇನೆ. ಅಮ್ಮಂದಿರು ಕೇಳುವ ಪ್ರಶ್ನೆ ತೀರಾ ನೇರ: ಮನೆಗೆ ಬಿಡಲು ಗಾಡಿ ಬರುತ್ತದಾ, ಜೊತೆಗೆ ಇನ್ಯಾರಿರುತ್ತಾರೆ. ಉತ್ತರ ಕೊಡಲು ಅವರೇ ಸರಿ, ನಾನಲ್ಲ.

ಜುಲೈ ಒಂದಕ್ಕೆ ಹಾರ ಬೇಡ, ಕುರ್ಚಿ ಹಾಕಿಸಿ

‘ಮಂಗಳೂರ ಸಮಾಚಾರ’ ಹೊರಟ ದಿನದ ನೆನಪಿಗೆ ಪತ್ರಿಕಾ ದಿನ ಅಂತ ಜುಲೈ ತಿಂಗಳಲ್ಲಿ ಕಾಲೇಜುಗಳಲ್ಲಿ ಕಾರ್ಯಕ್ರಮ ಆಗುತ್ತದೆ. ಶಾಲು, ಹಾರ, ಮೂರು ಭಾಷಣ. ನಾವು ಕಳೆದ ವರ್ಷ ವೇದಿಕೆ ಹಾಕಲಿಲ್ಲ. ವಿದ್ಯಾರ್ಥಿಗಳು ಯಾರ ಬಗ್ಗೆ ಬರೆದಿದ್ದರೋ ಅವರನ್ನೇ ಕರೆದು, ದುಂಡಗೆ ಕುರ್ಚಿ ಹಾಕಿ ಕೂರಿಸಿದೆವು. ಡಿಪೋದ ಮೆಕ್ಯಾನಿಕ್ ಬಂದರು, ಪಂಚಾಯಿತಿ ಸದಸ್ಯರೊಬ್ಬರು ಬಂದರು, ಡಾಕ್ಟರು ಬರಲಿಲ್ಲ. ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಹೇಗಿದೆ ಅಂತ ಅವರನ್ನೇ ಕೇಳಿದೆವು. ಖರ್ಚು ಎಂದರೆ ಮಂಡಕ್ಕಿ, ಮಿರ್ಚಿ, ಚಹಾ.

ಎಪಿಎಂಸಿಯಿಂದ ಕಾಳು ಗುಡಿಸುವ ಹೆಂಗಸರಲ್ಲಿ ಒಬ್ಬರು ಬಂದಿದ್ದರು. ಜೆರಾಕ್ಸ್ ಹಾಳೆಯಲ್ಲಿದ್ದ ತಮ್ಮ ಫೋಟೊವನ್ನು ಬಹಳ ಹೊತ್ತು ನೋಡಿ, ‘ಸೀರಿ ಬಣ್ಣನೇ ಕಾಣವಲ್ದು’ ಅಂದರು. ಎಲ್ಲರೂ ನಕ್ಕರು. ಆಮೇಲೆ ಆ ಹುಡುಗಿ ಕಡೆ ತಿರುಗಿ, ‘ಬರದಿದ್ದು ಛಲೋ ಐತಿ. ಆದ್ರ ದಿನಾ ಐದು ಸೇರು ಸಿಗ್ತೈತಿ ಅಂತ ಹಾಕೀಯಲ್ಲ, ಅದು ಸುಗ್ಗಿಯಾಗ ಅಷ್ಟ. ಬ್ಯಾಸಿಗ್ಯಾಗ ಅರ್ಧ ಸೇರೂ ಇರಂಗಿಲ್ಲ. ಓದಿದವ್ರು ನಮಗೇನೋ ಭಾಳ ಸಿಗ್ತೈತಿ ಅಂದ್ಕೋತಾರ’ ಅಂದರು.

ಹುಡುಗಿ ಒಂದು ಕ್ಷಣ ನನ್ನ ಕಡೆ ನೋಡಿದಳು. ನಾನು ಚಹಾ ಲೋಟದೊಳಗೆ ನೋಡುತ್ತಿದ್ದೆ. ಅವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, ‘ಯಾವ ತಿಂಗಳು ಎಷ್ಟು, ಒಂದ್ಸಲ ಹೇಳ್ರಿ’ ಅಂದಳು. ಮುಂದಿನ ಸಂಚಿಕೆಯ ತಿದ್ದುಪಡಿ ಅಂಕಣಕ್ಕೆ ಮೊದಲ ಐಟಂ ಸಿಕ್ಕಿತು.